ಬೀರುವಿಗೆ ಬಂದ ಪತ್ರ

ಮನೆಯಲ್ಲಿ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಐವತ್ತರ ಅಂಚಿಗೆ ಬಂದ, ಮೈಕೈ ತುಂಬಿಕೊಂಡ ಹೆಂಗಸಿಗೆ ಇದೆಂಥ ಹೆಸರು ಎಂದು ಯಾರಾದರೂ ನಕ್ಕರೆ, "ಅಕ್ಕ ಇಟ್ಟಿದ್ದು, ಅವಳೇ ತೆಗೀಬೇಕು" ಎನ್ನುತ್ತಿದ್ದಳು. ಅಕ್ಕ ತೆಗೆಯಲಿಲ್ಲ. ಅಮ್ಮ ತೀರಿಕೊಂಡಾಗ ಗುಬ್ಬಿಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೆಂಟು. ಅಂದಿನಿಂದ ಜಡೆ ಹಾಕಿದ್ದು, ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟಿದ್ದು, ಹತ್ತನೇ ತರಗತಿಯಲ್ಲಿ ಗಣಿತ ಕೈಕೊಟ್ಟಾಗ ಕಿವಿ ಹಿಂಡಿ ಮತ್ತೆ ಪರೀಕ್ಷೆಗೆ ಕೂರಿಸಿದ್ದು ಎಲ್ಲ ಅಕ್ಕನೇ. ಅಕ್ಕ ಮದುವೆಯಾಗಲಿಲ್ಲ, ಶಾಲೆಯಲ್ಲಿ ಟೀಚರಾದಳು. ಗುಬ್ಬಿ ಮದುವೆಯಾದಳು. ಗಂಡ ಆರು ವರ್ಷಕ್ಕೆ ಕಾಯಿಲೆಯಿಂದ ಹೋದ ಮೇಲೆ ಒಂದು ಪೆಟ್ಟಿಗೆ ಹಿಡಿದುಕೊಂಡು ಅಕ್ಕನ ಮನೆಗೇ ಬಂದಳು. "ಬಂದ್ಯಾ? ಕೈಕಾಲು ತೊಳ್ಕೋ, ಊಟಕ್ಕೆ ಕೂತ್ಕೋ" ಎಂದಷ್ಟೇ ಅಕ್ಕ ಹೇಳಿದ್ದು. ಆ ಮಾತನ್ನು ಗುಬ್ಬಿ ಬಹಳ ಜನಕ್ಕೆ ಹೇಳಿದ್ದಾಳೆ.

ಒಂಬತ್ತು ವರ್ಷದ ಹಿಂದೆ ಅಕ್ಕ ಒಂದು ವೆಬ್‌ಸೈಟ್ ಶುರು ಮಾಡಿದಳು. ಹೆಸರು "ಮತ್ತೆ ಪಾಠ". ಅರ್ಧಕ್ಕೆ ಶಾಲೆ ಬಿಟ್ಟು, ದೊಡ್ಡವರಾದ ಮೇಲೆ ಹತ್ತನೇ ತರಗತಿ ಪರೀಕ್ಷೆ ಬರೆಯಬೇಕೆನ್ನುವವರಿಗೆ ಬಿಟ್ಟಿ ಪಾಠ. ಹೆಸರು, ಇಮೇಲ್, ಬೇಕಿದ್ದರೆ ಫೋನ್ ನಂಬರು ಕೊಟ್ಟು ಸೇರಿಕೊಂಡವರಿಗೆ ಪ್ರತಿ ಮಂಗಳವಾರ ಬೆಳಿಗ್ಗೆ ಆರಕ್ಕೆ ಒಂದು ಪತ್ರ ಹೋಗುತ್ತಿತ್ತು, ಅದರಲ್ಲಿ ಆ ವಾರದ ಪಾಠದ ಲಿಂಕು. ಪಾಠ ಬರೆಯುವುದು ಅಕ್ಕ. ಅದನ್ನು ಕಳಿಸಿ, ಯಾರು ತೆರೆದರು, ಯಾರು ತೆರೆಯಲಿಲ್ಲ, ವೆಬ್‌ಸೈಟಿಗೆ ಎಷ್ಟು ಜನ ಬಂದರು, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು ಎಂದು ನೋಡಿಕೊಳ್ಳುವುದು ಗುಬ್ಬಿ. ಅದಕ್ಕೆ ಮೊದಲು ಅವಳು ಒಂದು ಗ್ರಂಥಾಲಯದ ಕೌಂಟರಿನಲ್ಲಿ ಪುಸ್ತಕಕ್ಕೆ ತಾರೀಕಿನ ಠಸ್ಸೆ ಹೊಡೆಯುತ್ತಿದ್ದವಳು. ಅಲ್ಲಿಯೂ ಯಾವ ಪುಸ್ತಕ ಯಾರು ಒಯ್ದು ಓದದೆ ತಂದರು ಎಂದು ಹಾಳೆ ಮುಟ್ಟಿದರೆ ಹೇಳಿಬಿಡುತ್ತಿದ್ದಳು. ಹೊಸ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು.

ಆಫೀಸೆಂದರೆ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲಿನ ಕೋಣೆ. ಎರಡು ಮೇಜು, ಮೆಟ್ಟಿಲ ಕಡೆಗೆ ತೆರೆಯುವ ಒಂದು ಕಿಟಕಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು. ಕೆಳಗೆ ಮೆಷೀನು ಓಡಿದರೆ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು.

ಗುಬ್ಬಿಗೆ ಅಂಕಿಗಳು ಬರೀ ಅಂಕಿಗಳಾಗಿರಲಿಲ್ಲ. ನಾಲ್ಕು ಸಾವಿರದ ಮುನ್ನೂರು ಚಿಲ್ಲರೆ ಓದುಗರಲ್ಲಿ ಆರೂ ನಲವತ್ತಕ್ಕೆ ಪತ್ರ ತೆರೆಯುವವರು ಬಸ್ಸಿನಲ್ಲಿ ಕೂತವರು. ಒಂದೂ ಕಾಲಿಗೆ ತೆರೆಯುವವರು ಊಟದ ಬಿಡುವಿನವರು. ಮೂರು ಗಂಟೆಗೆ ಒಂದು ಸಣ್ಣ ಏರು ಕಾಣುತ್ತಿತ್ತು, ಅದು ಮಕ್ಕಳು ಶಾಲೆಯಿಂದ ಬರುವ ಮುಂಚೆ ಅಮ್ಮಂದಿರು ಕದ್ದ ಹೊತ್ತು. ಕೆಲವು ಫೋನುಗಳು ಮಾಲೀಕರು ಮುಟ್ಟದೆಯೇ ಪತ್ರ ತೆರೆದುಕೊಳ್ಳುತ್ತವೆ ಎಂದೂ ಅವಳಿಗೆ ಗೊತ್ತಿತ್ತು, ಆ ಸುಳ್ಳು ಲೆಕ್ಕವನ್ನು ಕಳೆದೇ ಅಕ್ಕನಿಗೆ ವರದಿ ಕೊಡುತ್ತಿದ್ದಳು. ಒಮ್ಮೆ ಭಿನ್ನರಾಶಿಯ ಭಾಗಾಕಾರದ ಪುಟಕ್ಕೆ ಬಂದವರು ನಲವತ್ತು ಸೆಕೆಂಡಿಗೆ ಕಾಲ್ಕೀಳುತ್ತಿರುವುದು ಕಂಡಿತು.

"ಅಕ್ಕ, ಎರಡನೇ ಉದಾಹರಣೆ ಹತ್ರ ಎಲ್ಲಾ ಎದ್ದು ಹೋಗ್ತಿದಾರೆ."

"ಅದರಲ್ಲೇನಿದೆಯೇ ಕಷ್ಟ?"

"ನಿನಗೇನಿಲ್ಲ. ನನಗೂ ಅಲ್ಲೇ ತಲೆ ಸುತ್ತಿದ್ದು, ಮರೆತ್ಯಾ?"

ಅಕ್ಕ ಗೊಣಗಿಕೊಂಡೇ ಆ ಉದಾಹರಣೆ ಕಿತ್ತುಹಾಕಿ, ಮುಕ್ಕಾಲು ಮೀಟರ್ ಬಟ್ಟೆಯಲ್ಲಿ ಕಾಲು ಕಾಲು ಮೀಟರಿನ ತುಂಡು ಎಷ್ಟು ಬರುತ್ತದೆ ಎಂದು ಬರೆದಳು. ಮುಂದಿನ ವಾರ ಜನ ನಾಲ್ಕು ನಿಮಿಷ ನಿಂತರು. ಆ ಸಂಜೆ ಅಕ್ಕ ತಂಗಿ ಇಬ್ಬರೂ ಐಸ್‌ಕ್ರೀಮ್ ತಿಂದುಕೊಂಡು ಮನೆಗೆ ಹೋದರು.

ಮೂರು ವಾರ ಪತ್ರ ತೆರೆಯದವರಿಗೆ ಗುಬ್ಬಿ ಸ್ವಂತ ಕೈಯಿಂದ ಎರಡು ಸಾಲು ಬರೆಯುತ್ತಿದ್ದಳು: "ಪಾಠ ಎಲ್ಲಾದರೂ ಕಷ್ಟವಾಯಿತೇ? ಇಂತಿ, ಪಾಠದಕ್ಕ." ಹೀಗೆ ಕೇಳುವವರು ಅವರ ಬಾಳಿನಲ್ಲಿ ಯಾರೂ ಇರಲಿಲ್ಲವೋ ಏನೋ, ಉತ್ತರಗಳು ಬರತೊಡಗಿದವು. ಅವುಗಳಲ್ಲಿ ಪಾಠಕ್ಕಿಂತ ಬದುಕೇ ಹೆಚ್ಚು. ಮರೆಯದಿರಲೆಂದು ಅವಳು ಓದುಗರ ಪಟ್ಟಿಯಲ್ಲೇ ಒಂದು ಕಾಲಂ ಮಾಡಿ, ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದಿಡುತ್ತಿದ್ದಳು. "ಲಾರಿ ಡ್ರೈವರ್. ಅಕ್ಷರ ದೊಡ್ಡದಿರಬೇಕು." "ಗಂಡನಿಗೆ ಗೊತ್ತಿಲ್ಲ, ಭಾನುವಾರ ಬರೆಯಬಾರದು." ಒಬ್ಬ ಆಸ್ಪತ್ರೆ ಆಯಾ ಬರೆದಿದ್ದರು: ಮಗನ ಮದುವೆ ಮಾತುಕತೆಯಲ್ಲಿ ಬೀಗರ ಮುಂದೆ ತಾವು ಹತ್ತನೇ ಪಾಸು ಎಂದು ಹೇಳಿಬಿಟ್ಟಿದ್ದಾರೆ, ಸೊಸೆ ಓದಿದವಳು, ಗೊತ್ತಾಗುವ ಮುಂಚೆ ನಿಜವಾಗಿಯೂ ಪಾಸಾಗಿಬಿಡಬೇಕು. ಗುಬ್ಬಿ ಅದನ್ನೂ ಬರೆದಿಟ್ಟಳು. ಸೇರುವವರು ತುಂಬುವ ಅರ್ಜಿಯ ಕೆಳಗೆ ಅಕ್ಕ ತಾನೇ ಬರೆದ ಸಾಲೊಂದಿತ್ತು: "ನಿಮ್ಮ ವಿವರಗಳನ್ನು ಯಾರಿಗೂ ಕೊಡುವುದಿಲ್ಲ." ಆ ಸಾಲಿನ ಮೇಲೆ ಗುಬ್ಬಿಗೆ ದೇವರ ಮೇಲಿದ್ದಷ್ಟೇ ನಂಬಿಕೆ.

ಆದರೆ ಎರಡು ವರ್ಷದಿಂದ ಗೆರೆ ಇಳಿಯುತ್ತಿತ್ತು. ಬರುವವರು ಕಡಿಮೆ, ತೆರೆಯುವವರು ಇನ್ನೂ ಕಡಿಮೆ. ದೊಡ್ಡ ಟ್ಯೂಷನ್ ಕಂಪನಿಯೊಂದು ಬಣ್ಣಬಣ್ಣದ ವಿಡಿಯೋ ಪಾಠಗಳೊಂದಿಗೆ ಎಲ್ಲರ ಫೋನಿಗೂ ನುಗ್ಗಿತ್ತು. ಪ್ರತಿ ಶನಿವಾರ ಅಕ್ಕ, "ಈ ವಾರ ಎಷ್ಟೇ?" ಎನ್ನುವಳು. ಗುಬ್ಬಿ ಹೇಳುವಳು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸುವಳು. ಗುಬ್ಬಿ ಅಂಕಿಯನ್ನು ಒಂದಿಷ್ಟು ಹೆಚ್ಚಿಸಿ ಹೇಳಲೇ ಎಂದು ಎಷ್ಟೋ ಸಲ ಯೋಚಿಸಿದಳು. ಹೇಳಲಿಲ್ಲ. ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಆ ವರ್ಷ ಗುಬ್ಬಿಯ ಎಡಗಣ್ಣಿನ ಹಿಂಪರದೆ, ಡಾಕ್ಟರು ರೆಟಿನಾ ಎನ್ನುವುದು, ಕಳಚಿಕೊಂಡಿತು. ಆಪರೇಷನ್ ಆಯಿತು. ಹತ್ತು ದಿನ ಬೋರಲಾಗಿ ಮಲಗಿರಬೇಕು, ತಲೆ ಎತ್ತಬಾರದು, ಫೋನು ಕಂಪ್ಯೂಟರು ಕಣ್ಣಿಗೂ ಬೀಳಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಅಕ್ಕ ಶಾಲೆಗೆ ರಜೆ ಹಾಕಿ ಹತ್ತಿರವೇ ಕೂತಳು. ನೆಲದ ಮೇಲೆ ತಟ್ಟೆ ಇಟ್ಟು ಚಮಚದಲ್ಲಿ ಉಣಿಸಿದಳು. ಮೂರನೇ ದಿನ ಬೆಳಿಗ್ಗೆ ಕಣ್ಣಿಗೆ ಔಷಧಿ ಬಿಟ್ಟಾದ ಮೇಲೆ ಕೇಳಿದಳು.

"ಗುಬ್ಬಿ, ಮಂಗಳವಾರದ ಪತ್ರ ಕಳಿಸ್ಬೇಕಲ್ಲೇ. ನಿನ್ನ ಪಾಸ್‌ವರ್ಡ್ ಏನು?"

"ನಿನ್ನ ಹತ್ತನೇ ಕ್ಲಾಸಿನ ಪರೀಕ್ಷೆ ನಂಬರೇ" ಎಂದಳು ಗುಬ್ಬಿ, ದಿಂಬಿನೊಳಗಿನಿಂದ. ಅಕ್ಕ ನಕ್ಕಳು. ಗುಬ್ಬಿಯ ಬೆನ್ನು ಸವರಿದಳು.

ಗುಬ್ಬಿ ಕೆಲಸಕ್ಕೆ ಮರಳಿದ್ದು ತಿಂಗಳಾದ ಮೇಲೆ. ಮೊದಲ ದಿನ ಹೊಸ ಪತ್ರಗಳನ್ನು ನೋಡುತ್ತಿದ್ದಾಗ ಒಂದು ಕಂಡಿತು. ಟ್ಯೂಷನ್ ಕಂಪನಿಯದು.

"ಪ್ರಿಯ ಬೀರು ಅವರೇ, ಭಿನ್ನರಾಶಿಯಲ್ಲಿ ಎಡವುತ್ತಿದ್ದೀರಾ? ಈ ವಯಸ್ಸಿನಲ್ಲಿ ಯಾರನ್ನು ಕೇಳುವುದೆಂಬ ನಾಚಿಕೆಯೇ? ನಾವಿದ್ದೇವೆ!"

ಗುಬ್ಬಿಗೆ ಮೊದಲು ನಗು ಬಂತು. ಆಮೇಲೆ ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಬೀರು ಎಂಬ ಮನುಷ್ಯನೇ ಇರಲಿಲ್ಲ. ಪತ್ರ ಸರಿಯಾಗಿ ಹೋಗುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಇಂಥ ಕೆಲಸದವರು ಸುಳ್ಳು ಹೆಸರಿನ ತಮ್ಮದೇ ಒಂದೆರಡು ವಿಳಾಸಗಳನ್ನು ಪಟ್ಟಿಗೆ ಸೇರಿಸಿಟ್ಟಿರುತ್ತಾರೆ. ಗುಬ್ಬಿಯೂ ಒಂದು ವಿಳಾಸ ಮಾಡಿ, ಹೆಸರು ಹೊಳೆಯದೆ ಎದುರಿಗಿದ್ದ ಬೀರುವನ್ನು ನೋಡಿ ಅದನ್ನೇ ಬರೆದಿದ್ದಳು. ಟಿಪ್ಪಣಿಯ ಕಾಲಂನಲ್ಲಿ ತಮಾಷೆಗೆ, "ಭಿನ್ನರಾಶಿಯಲ್ಲಿ ಎಡವುತ್ತಾರೆ, ನಾಚಿಕೆ ಸ್ವಭಾವ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ" ಎಂದು ಸೇರಿಸಿದ್ದಳು. ಆ ಹೆಸರು, ಆ ಎಡವು, ಆ ನಾಚಿಕೆ ಈ ಪಟ್ಟಿಯಲ್ಲಿ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲಿಯೂ ಇರಲಿಲ್ಲ.

ಯಾರೋ ಕಳ್ಳರು ಹೊರಗಿನಿಂದ ನುಗ್ಗಿ ಪಟ್ಟಿ ಕದ್ದಿದ್ದಾರೆ ಎಂದುಕೊಂಡಳು. ಪಟ್ಟಿಯ ದಾಖಲೆ ತೆಗೆದಳು. ಯಾರು, ಯಾವಾಗ, ಏನು ಡೌನ್‌ಲೋಡ್ ಮಾಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಇಡೀ ಪಟ್ಟಿ ಟಿಪ್ಪಣಿ ಸಮೇತ ಹೊರಗೆ ಹೋದದ್ದು ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ, ಗುಬ್ಬಿಯ ಹೆಸರಿನಲ್ಲಿ, ಅವಳು ಬೋರಲಾಗಿ ಮಲಗಿದ್ದ ನಾಲ್ಕನೇ ದಿನ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಗುಬ್ಬಿ ಮಾತ್ರ ಕನ್ನಡಿ ಹುಡುಕುತ್ತಾ ಎರಡು ದಿನ ಕಳೆದಳು. ಅಕ್ಕನಿಗೆ ಕಂಪ್ಯೂಟರು ಅಷ್ಟು ಬರುವುದಿಲ್ಲ, ಕೈ ತಪ್ಪಿ ಎಲ್ಲೋ ಒತ್ತಿರಬೇಕು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಟ್ಟಿರಬೇಕು, ಯಾರೋ ನೋಡಿರಬೇಕು. ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತಾಗ ಅಕ್ಕನ ಮುಖ ನೋಡುವಳು. ಎಂದಿನ ಮುಖವೇ. "ಯಾಕೇ ಸರಿಯಾಗಿ ತಿಂತಿಲ್ಲ? ಕಣ್ಣು ನೋಯ್ತಿದ್ಯಾ?" ಎಂದು ಅಕ್ಕ ಕೇಳುವಳು.

ಮೂರನೇ ದಿನ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯವನು ತುಂಬ ವಿನಯವಂತ.

"ಮೇಡಂ, ನೀವೇ ತಾನೆ ಕಳಿಸಿಕೊಟ್ಟಿದ್ದು? ನಿಮ್ಮ ಅಕೌಂಟಿಂದಾನೇ ಬಂದಿದೆ. 'ಎಲ್ಲರ ಒಪ್ಪಿಗೆ ಇದೆ' ಅಂತ ಕೆಳಗೆ ನಿಮ್ಮ ಹೆಸರೂ ಇದೆ."

"ನನ್ನ ಹೆಸರಾ?"

"ಹೌದು ಮೇಡಂ. ಟೀಚರ್ ಮೇಡಂ ಮುಂದಿನ ತಿಂಗಳು ನಮ್ಮಲ್ಲಿ ಪಾಠದ ಮುಖ್ಯಸ್ಥೆಯಾಗಿ ಸೇರ್ತಾರಲ್ಲ, ಅವರನ್ನೇ ಕೇಳಿ ಬೇಕಾದ್ರೆ."

ಅದೇ ಮಧ್ಯಾಹ್ನ ಆಯಾ ಅವರಿಂದ ಪತ್ರ ಬಂತು. ನಾಲ್ಕೇ ಸಾಲು. ಟ್ಯೂಷನ್ನಿನವರು ಮನೆಯ ನಂಬರಿಗೆ ಫೋನ್ ಮಾಡಿದರು. ಸೊಸೆ ಎತ್ತಿಕೊಂಡಳು. ಹತ್ತನೇ ತರಗತಿ ಪಾಸಾಗುವ ನಿಮ್ಮ ಅತ್ತೆಯ ಕನಸಿಗೆ ನೆರವಾಗುತ್ತೇವೆ ಎಂದರಂತೆ. ಕೊನೆಯ ಸಾಲು: "ಇದನ್ನು ನಾನು ಹೇಳಿದ್ದು ಪ್ರಪಂಚದಲ್ಲಿ ನಿಮ್ಮೊಬ್ಬರಿಗೆ."

ಅಕ್ಕ ಶಾಲೆ ಮುಗಿಸಿ ನಾಲ್ಕು ಗಂಟೆಗೆ ಮಹಡಿ ಹತ್ತಿ ಬಂದಾಗ ಗುಬ್ಬಿ ಬಾಗಿಲಿಗೆ ಎದುರಾಗಿ ಕೂತಿದ್ದಳು.

"ಅಕ್ಕ, ಬೀರುಗೆ ಪತ್ರ ಬಂದಿದೆ."

"ಯಾವ ಬೀರು?"

ಗುಬ್ಬಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಅಕ್ಕ ನಿಂತೇ ಓದಿದಳು. ಓದಿ ಕುರ್ಚಿ ಎಳೆದುಕೊಂಡು ಕೂತಳು. ಸುಳ್ಳು ಹೇಳಲಿಲ್ಲ, ಅದೊಂದು ಮಾತು ಅವಳ ಪರವಾಗಿ ಹೇಳಬೇಕು.

"ಹೇಳೋಣ ಅಂತಿದ್ದೆ. ನಿನ್ನ ಕಣ್ಣು ವಾಸಿಯಾಗ್ಲಿ ಅಂತ ಕಾದೆ."

"ಯಾಕಕ್ಕ?"

"ಶನಿವಾರ ಶನಿವಾರ ನೀನೇ ಹೇಳ್ತಿದ್ದೆಯಲ್ಲೇ, ಓದೋರು ಕಮ್ಮಿ ಆಗ್ತಿದಾರೆ ಅಂತ. ಒಂಬತ್ತು ವರ್ಷ ಬರೆದೆ. ಯಾರಿಗೆ ಬರೆದೆ? ಅವರ ಹತ್ರ ಲಕ್ಷಗಟ್ಟಲೆ ಜನ ಓದ್ತಾರೆ. ನನ್ನ ಪಾಠ ಅಲ್ಲಿ ಹೋದ್ರೆ ಬದುಕುತ್ತೆ. ಇಲ್ಲಿದ್ರೆ ನನ್ನ ಜೊತೇಲೇ ಸಾಯುತ್ತೆ."

"ಪಾಠ ಕೊಡಬೇಕಿತ್ತು, ಯಾರು ಬೇಡ ಅಂದ್ರು? ಜನರನ್ನ ಯಾಕೆ ಕೊಟ್ಟೆ?"

"ಅವರಿಗೆ ಬೇಕಾಗಿದ್ದೇ ಅದು" ಎಂದಳು ಅಕ್ಕ, ದನಿ ತಗ್ಗಿಸಿ. "ಪಾಠ ಬರೆಯೋರು ಬೀದಿಗೊಬ್ಬರು ಸಿಗ್ತಾರೆ ಮೇಡಂ, ಯಾರು ಎಲ್ಲಿ ಎಡವ್ತಾರೆ ಅನ್ನೋ ಲೆಕ್ಕ ಸಿಗಲ್ಲ, ಅಂದ್ರು. ನಿನ್ನ ಟಿಪ್ಪಣಿ ಇಲ್ದಿದ್ರೆ ನನ್ನನ್ನ ಕರೀತಾನೇ ಇರಲಿಲ್ಲ ಕಣೇ."

ಗುಬ್ಬಿಗೆ ಆ ಮಾತಿನ ಅಡಿಯಲ್ಲಿದ್ದ ನೋವೂ ಕಂಡಿತು. ಮೂವತ್ತೈದು ವರ್ಷ ಪಾಠ ಹೇಳಿದವಳಿಗಿಂತ ತಂಗಿಯ ಗೀಚಾಟಕ್ಕೆ ಬೆಲೆ ಬಂದಿತ್ತು. ಆದರೆ ಅವಳಿಗೆ ಕೇಳಬೇಕಾದ ಮಾತು ಇನ್ನೊಂದಿತ್ತು.

"ನನ್ನ ಹೆಸರಲ್ಲಿ ಯಾಕೆ ಕಳಿಸಿದೆ?"

ಕೆಳಗೆ ಮೆಷೀನು ನಿಂತಿತ್ತು. ಅಕ್ಕ ಕನ್ನಡಕ ತೆಗೆದಳು.

"ಪಟ್ಟಿ ನಿನ್ನದೇ ತಾನೆ."

"ಅಕ್ಕ."

"ನಾಳೆ ಯಾರಾದ್ರೂ ಕೇಳಿದ್ರೆ... ನಾನು ಅಲ್ಲಿ ಹೊಸದಾಗಿ ಸೇರೋಳು, ನನ್ನ ಹೆಸರು ಕೆಡಬಾರದು ಅಂತ... ನಿನಗೇನಾಗುತ್ತೆ, ನಿನ್ನನ್ನ ಯಾರು ಕೇಳ್ತಾರೆ ಅಂತ..." ಆಮೇಲೆ ಸಿಟ್ಟು ಬಂತು ಅಕ್ಕನಿಗೆ. "ನಿನ್ನ ಸಾಕಿದೀನಿ ಕಣೇ ನಾನು! ಒಂದು ವಿಷಯಕ್ಕೆ ಹೀಗೆ ನಿಲ್ಲಿಸಿ ಕೇಳ್ತೀಯಾ?"

"ಸಾಕಿದೀಯ. ಅದಕ್ಕೇ ನೀನು ಕೇಳಿದ ತಕ್ಷಣ ಹೇಳಿಬಿಟ್ಟೆ" ಎಂದಳು ಗುಬ್ಬಿ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೈದು ಏನು ಫಲ? ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅಳಬಾರದೆಂದು ಡಾಕ್ಟರು ಹೇಳಿದ್ದರು.

ಮಾರನೆಯ ದಿನ ಗುರುವಾರ. ಪತ್ರದ ದಿನವಲ್ಲ. ಅಕ್ಕ ಶಾಲೆಗೆ ಹೊರಟ ಮೇಲೆ ಗುಬ್ಬಿ ಎಲ್ಲರಿಗೂ ಒಂದು ಪತ್ರ ಬರೆಯಲು ಕೂತಳು. ನಿಮ್ಮ ವಿವರಗಳು ಒಂದು ಕಂಪನಿಯ ಕೈಗೆ ಹೋಗಿವೆ, ನನ್ನ ಹೆಸರಿನಿಂದ ಹೋಗಿವೆ ಎಂದು ಬರೆದಳು. ಅಕ್ಕನ ಸುದ್ದಿ ಎತ್ತಲಿಲ್ಲ. ಅಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಆಯಾ ಅವರ ಪತ್ರ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು, ಇನ್ನೊಂದನ್ನು ಮುಚ್ಚಿಡಲಾಗಲಿಲ್ಲ. "ಪ್ರತಿ ಪತ್ರದೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಯಂಥ ಚಿತ್ರವೊಂದು ಇರುತ್ತಿತ್ತು. ನೀವು ಪತ್ರ ತೆರೆದ ಕೂಡಲೇ ಅದು ನನಗೆ ಹೇಳುತ್ತಿತ್ತು. ನೀವು ಎಷ್ಟು ಹೊತ್ತಿಗೆ ತೆರೆದಿರಿ, ಯಾವ ಲಿಂಕು ಒತ್ತಿದಿರಿ ಎಂದೆಲ್ಲ ನನಗೆ ಗೊತ್ತಾಗುತ್ತಿತ್ತು. ನೀವು ನಂಬಿ ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ. ನಿಮ್ಮ ಒಳ್ಳೆಯದಕ್ಕೆ ಎಂದುಕೊಂಡೆ. ಬರೆದಿಡದಿದ್ದರೆ ಯಾರೂ ಒಯ್ಯಲಾಗುತ್ತಿರಲಿಲ್ಲ." ಆ ಪತ್ರದಲ್ಲಿ ಚುಕ್ಕಿ ಹಾಕಲಿಲ್ಲ. ಕಳಿಸಿ, ಟಿಪ್ಪಣಿಯ ಕಾಲಂ ಪೂರ್ತಿ ಅಳಿಸಿದಳು. ಕಂಪನಿಯಲ್ಲಿರುವ ಪ್ರತಿಯನ್ನೂ ಅಳಿಸಿ ಎಂದು ಬರೆದಳು. ವಿನಯವಂತ, "ಖಂಡಿತ ನೋಡ್ತೀವಿ ಮೇಡಂ" ಎಂದು ಉತ್ತರಿಸಿದ.

ಎಷ್ಟು ಜನ ತೆರೆದರೆಂದು ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಗೊತ್ತಾಗಲಿಲ್ಲ. ಉತ್ತರಗಳು ಮಾತ್ರ ಇನ್ನೂರು ಮೀರಿ ಬಂದವು. "ನೀವು ಹೇಳಿದ್ದು ಒಳ್ಳೆಯದಾಯಿತು" ಎಂದವರು ಕೆಲವರು. "ಪಾಠದ ವೇಷದಲ್ಲಿ ಮನೆಯೊಳಗೆ ಇಣುಕಿದಿರಾ?" ಎಂದವರು ಹಲವರು. ಲಾರಿ ಡ್ರೈವರ್ ಬರೆದದ್ದು ಒಂದೇ ಸಾಲು: "ಅಕ್ಕ ಅಂತ ಕರೆದಿದ್ದೆ." ಸಾವಿರಕ್ಕೂ ಹೆಚ್ಚು ಜನ ಪಟ್ಟಿಯಿಂದ ಹೆಸರು ತೆಗೆಸಿಕೊಂಡರು. ಗುಬ್ಬಿ ಬಂದ ಪ್ರತಿಯೊಂದಕ್ಕೂ ಉತ್ತರ ಬರೆದಳು. ಒಂದರಲ್ಲೂ "ನಾನು ಮಾಡಿದ್ದಲ್ಲ" ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂದು ನಂತರ ಯಾರೋ ಕೇಳಿದ್ದಕ್ಕೆ, "ಅಂದಿದ್ರೆ ಯಾರು ಮಾಡಿದ್ದು ಅಂತ ಕೇಳ್ತಿದ್ರು" ಎಂದಳು.

ಆ ಪತ್ರದಿಂದ ಅಕ್ಕನಿಗೆ ಕಂಪನಿಯಲ್ಲಿ ತೊಂದರೆಯೇನೂ ಆಗಲಿಲ್ಲ. ಹೆಸರು ಕೆಟ್ಟದ್ದು ಪಾಠದಕ್ಕನದು. ಒಂದು ತಿಂಗಳು ಅಕ್ಕ ತಂಗಿ ಒಂದೇ ಅಡುಗೆಮನೆಯಲ್ಲಿ ಬೇರೆ ಬೇರೆ ಹೊತ್ತಿಗೆ ಉಂಡರು. ಬಚ್ಚಲಿನ ಬಾಗಿಲಲ್ಲಿ ಎದುರಾದರೆ ದಾರಿ ಬಿಟ್ಟುಕೊಟ್ಟರು. ಆಮೇಲೆ ಅಕ್ಕ ಕಂಪನಿಗೆ ಹತ್ತಿರವಾಗಲಿ ಎಂದು ಬೇರೆ ಮನೆ ಮಾಡಿದಳು. ಸಾಮಾನು ಹೊತ್ತ ಗಾಡಿ ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, "ಡಾಕ್ಟರ ಹತ್ರ ತೋರಿಸ್ಕೊಳ್ಳೋ ತಾರೀಕು ಹದಿನಾಲ್ಕು. ಮರೀಬೇಡ" ಎಂದಳು. ಗುಬ್ಬಿ ತಲೆಯಾಡಿಸಿದಳು. ಆ ಒಂದು ಮಾತಿಗೆ ಅವಳು ಆ ಇಡೀ ದಿನ ಸಿಟ್ಟಾಗಿದ್ದಳು. ಮೋಸ ಮಾಡಿದವರು ಪ್ರೀತಿಯನ್ನಾದರೂ ಪೂರ್ತಿ ತೆಗೆದುಕೊಂಡು ಹೋಗಬೇಕು, ಹೀಗೆ ಚೂರು ಉಳಿಸಿ ಹೋಗಬಾರದು ಎಂದು ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಹೇಳಿಕೊಂಡಳಂತೆ.

ಹದಿನಾಲ್ಕರಂದು ಕಣ್ಣು ತೋರಿಸಿಕೊಂಡು, ಅಲ್ಲಿಂದ ಎರಡು ಬಸ್ಸು ಬದಲಾಯಿಸಿ ಆಯಾ ಕೆಲಸ ಮಾಡುವ ಆಸ್ಪತ್ರೆಗೆ ಹೋದಳು. ಅಳಿಸಿದ ಟಿಪ್ಪಣಿಯಲ್ಲಿದ್ದ ಆಸ್ಪತ್ರೆಯ ಹೆಸರು ತಲೆಯಿಂದ ಅಳಿಸಿರಲಿಲ್ಲ. ವಿಚಾರಿಸಿದಾಗ ನರ್ಸು ಕೈ ತೋರಿಸಿದ ಕಡೆ, ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಒಗೆದ ಹಾಸುಬಟ್ಟೆ ಮಡಿಸುತ್ತಿದ್ದರು.

"ನಾನು ಪಾಠದಕ್ಕ" ಎಂದಳು ಗುಬ್ಬಿ.

ಆಯಾ ಕೈ ನಿಲ್ಲಿಸಲಿಲ್ಲ. "ನಾನಿಲ್ಲಿರೋದೂ ನಿಮಗೆ ಗೊತ್ತು" ಎಂದರು.

"ತಪ್ಪಾಯ್ತು. ಮುಖ ನೋಡಿ ಹೇಳ್ಬೇಕು ಅನ್ನಿಸ್ತು. ಮನೇಲಿ..."

"ಸೊಸೆ ಏನೂ ಅನ್ನಲಿಲ್ಲ. ಅದೇ ಕಷ್ಟ. ಅವತ್ತಿಂದ ನನ್ನ ಜೊತೆ ನಿಧಾನವಾಗಿ ಮಾತಾಡ್ತಾಳೆ, ಮಕ್ಕಳ ಹತ್ರ ಮಾತಾಡ್ದಂಗೆ." ಇನ್ನೊಂದು ಹಾಸುಬಟ್ಟೆ ಎತ್ತಿಕೊಂಡು ಅದರ ತುದಿಯನ್ನು ಗುಬ್ಬಿಯ ಕಡೆ ಚಾಚಿದರು. ಗುಬ್ಬಿ ಹಿಡಿದುಕೊಂಡಳು. ಇಬ್ಬರೂ ಎದುರುಬದುರು ನಿಂತು ಕೊಡವಿ ಮಡಿಸಿದರು. "ನೀವು ನನ್ನ ನೋಡ್ತಿದ್ರಿ ಅನ್ನೋದಕ್ಕೆ ಬೇಜಾರಿಲ್ಲ ನನಗೆ. ನಾನು ಓದ್ತಿದೀನಾ ಅಂತ ನೋಡೋರು ಬೇರೆ ಯಾರಿದ್ರು? ಬರೆದು ಇಟ್ರಲ್ಲ, ಅದಕ್ಕೆ ಬೇಜಾರು."

"ಪಾಠ ಕಳಿಸ್ಲಾ ಇನ್ನು ಮೇಲೆ?"

ಆಯಾ ಮಡಿಸಿದ್ದನ್ನು ರಾಶಿಯ ಮೇಲಿಟ್ಟರು. "ಯಾರು ಬರೀತಾರೆ?"

"ನಾನೇ. ಗಣಿತ ಮಾತ್ರ ಬರುತ್ತೆ. ಅದೂ ಎರಡನೇ ಸಲಕ್ಕೆ ಪಾಸಾದೋಳು."

"ಕಳಿಸಿ. ನಾನು ತೆರೆದ್ನಾ ಇಲ್ವಾ ನೋಡಬೇಡಿ." ವಾರ್ಡಿನೊಳಗಿನಿಂದ ಯಾರೋ ಕರೆದರು. ಆಯಾ ಬಟ್ಟೆಯ ರಾಶಿ ಎದೆಗಪ್ಪಿಕೊಂಡು ಒಳಗೆ ಹೋದರು. ಹೋಗಿ ಬನ್ನಿ ಎನ್ನಲಿಲ್ಲ.

"ಮತ್ತೆ ಪಾಠ" ಅಕ್ಕನ ಜೊತೆಗೇ ಹೋಗಿ ಈಗ ಕಂಪನಿಯದು. ಗುಬ್ಬಿ ಅದೇ ಪ್ರೆಸ್ಸಿನಲ್ಲಿ, ಮಹಡಿಯಿಂದ ಇಳಿದು ಕೆಳಗೆ, ಕರಡು ತಿದ್ದುವ ಕೆಲಸ ಮಾಡುತ್ತಾಳೆ. ನೂರ ಹನ್ನೆರಡು ಜನ ಕೇಳಿಕೊಂಡಿದ್ದರು, ಅವರಿಗೆ ಮಂಗಳವಾರ ಬೆಳಿಗ್ಗೆ ಆರಕ್ಕೆ ತಾನು ಬರೆದ ಗಣಿತದ ಪಾಠ ಕಳಿಸಿ, ಕಂಪ್ಯೂಟರ್ ಮುಚ್ಚಿ, ಸ್ನಾನಕ್ಕೆ ಹೋಗುತ್ತಾಳೆ. ಮೊದಮೊದಲು ಆರೂ ನಲವತ್ತಕ್ಕೆ ಕೈ ತಾನಾಗಿ ಕಂಪ್ಯೂಟರಿನ ಕಡೆ ಹೋಗುತ್ತಿತ್ತಂತೆ, ಈಗ ಕಮ್ಮಿಯಾಗಿದೆ. ಅಕ್ಕ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಹವೆಯ ಮಾತು, ಮೊಣಕಾಲಿನ ಮಾತು ಆಗುತ್ತದೆ. ಕ್ಷಮಿಸು ಎಂದು ಅಕ್ಕ ಇದುವರೆಗೆ ಅಂದಿಲ್ಲ, ಗುಬ್ಬಿ ಕೇಳಿಯೂ ಇಲ್ಲ. ಈ ವರ್ಷದ ಪರೀಕ್ಷೆಯ ಫಲಿತಾಂಶ ಹೋದ ವಾರ ಬಂತು. ಆಯಾ ಬರೆದಿದ್ದರೋ, ಪಾಸಾದರೋ ಅವಳಿಗೆ ಗೊತ್ತಿಲ್ಲ. ವಿಚಾರಿಸಲು ಹೋಗಿಲ್ಲ.